ಸಬಕಾರ ತಾಕಬಾರದ ಜರ್ಕಿನ್

ಸೊಸಿನ್ನ ದವಾಖಾನಿಯಿಂದ ಮನಿಗೆ ಕರಕೊಂಡು ಬರೂ ದಿನ ಡಾಕ್ಟರು ನನ್ನ ಕಡೆ ನೋಡಿ ಒಂದು ಮಾತು ಹೇಳಿದ್ರು. ನಿಮೋನಿಯಾ ಆಗಿ ಈ ಸಲ ಪಾರಾದ್ಲು, ಇನ್ನೊಂದು ಮಳಿಗಾಲ ಹಿಂಗ ಎದಿ ನೆನಸಿಕೊಂಡು ತಿರಗಿದ್ರ ಮುಂದಿನದು ನಾ ಹೇಳಾಕ ಬರೂದಿಲ್ಲ ಅಂತ. ಅದು ಅಕಿ ಗಂಡಗ ಹೇಳಬೇಕಾದ ಮಾತು. ನನ್ನ ಮಗ ಆವಾಗ ಗೋವಾ ರಸ್ತೆದಾಗ ಟ್ರಕ್ ಹೊಡಕೋತ ಇದ್ದ. ಹಿಂಗಾಗಿ ಆ ಮಾತು ನನ್ನ ಕಿವ್ಯಾಗ ಬಿತ್ತು. ಬಿದ್ದದ್ದು ಅಲ್ಲೇ ಕುಂತೈತಿ.

ಸೊಸಿ ನರ್ಸ್ ಕೆಲಸದಾಕಿ. ಖಾನಾಪುರ ತಾಲೂಕಿನ ಹಲಸಿ ಬಾಜೂ ಹಳ್ಳಿಗಳು ಅಕಿ ಪಾಲಿಗೆ ಬಂದಾವು. ಮುಂಜಾನೆ ಬೆಳಗಾವಿ ಖಾಸಬಾಗದ ನಮ್ಮ ಮನಿಯಿಂದ ಹೊಂಟು ಬಸ್ಸಿನ್ಯಾಗ ಖಾನಾಪುರಕ್ಕ ಹೋಗತಾಳ. ಅಲ್ಲಿ ಸ್ಟ್ಯಾಂಡಿನ ಹಿಂದ ಗುರ್ತಿನವರ ಅಂಗಳದಾಗ ಸ್ಕೂಟಿ ಇಟ್ಟಿರತಾಳ. ಅದನ್ನ ತಗೊಂಡು ಹಳ್ಳಿ ತಿರಗೂದು. ಬಸುರಿ ಹೆಂಗಸರನ್ನ ನೋಡೂದು, ಬಾಣಂತ್ಯಾರನ್ನ ನೋಡೂದು, ಕೂಸುಗಳಿಗೆ ಸೂಜಿ ಹಾಕೂದು. ಬೆಳಗಾವ್ಯಾಗ ಜಿಟಿಜಿಟಿ ಇದ್ರ ಖಾನಾಪುರದಾಗ ಧೋ ಅಂತ ಸುರೀತಿರತೇತಿ. ಹಡಿಯೂ ಹೆಂಗಸು ಮಳಿ ನಿಲ್ಲಲಿ ಅಂತ ಕಾಯೂದಿಲ್ಲ. ಹಿಂಗಾಗಿ ಇಕಿನೂ ನಿಲ್ಲೂದಿಲ್ಲ.

ಜರ್ಕಿನ್ ನನ್ನ ಮಗನದು. ಹಳೇ ಬಟ್ಟಿ ಸಂತ್ಯಾಗ ತಂದಿದ್ದ, ಹೊರದೇಶದ್ದಂತ. ಕಡು ಹಸರ ಬಣ್ಣ, ಮುಂದ ಮೊಣಕಾಲ ತನಕ ಬರತೇತಿ, ಹಿಂದ ಟೊಪಗಿ. ಅಂವ ಒಂದಷ್ಟು ವರ್ಷ ಹಾಕ್ಕೊಂಡು ತಿರಗಿದ, ಆಮ್ಯಾಲೆ ಹೊಟ್ಟಿ ಬಂದು ಚೈನು ಹತ್ತದಂಗಾತು, ಹೆಂಡತಿಗೆ ಕೊಟ್ಟ. ಮೊದಲ ಅದರ ಮ್ಯಾಲೆ ಬಿದ್ದ ಮಳಿ ಕೆಸವಿನ ಎಲಿ ಮ್ಯಾಲಿನ ನೀರಿನಂಗ ಉರುಳಿ ಹೋಗತಿತ್ತು. ಅದನ್ನ ನಾನೇ ಕಣ್ಣಾರೆ ಕಂಡೇನಿ. ಹ್ವಾದ ಮಳಿಗಾಲದಾಗ ಮಾತ್ರ ಸೊಸಿ ಅದನ್ನ ಹಾಕ್ಕೊಂಡ ಹೋಗಿ, ಹಾಕ್ಕೊಂಡ ನೆನದು, ಹಾಕ್ಕೊಂಡ ಜ್ವರ ತಂದ್ಲು.

ಈ ವರ್ಷ ಮೊದಲ ಮೋಡ ಕಟ್ಟಿದ ದಿನ ಜರ್ಕಿನ್ ಅಂಗಳಕ್ಕ ತಂದು ಹಾಸಿ ಒಂದು ಚರಗಿ ನೀರು ಹೊಯ್ದೆ. ಗಟಗಟ ಕುಡೀತು. ಮ್ಯಾಲೆ ಕಪ್ಪಗಾತು, ಒಳಗ ಕೈ ಹಾಕಿದ್ರ ಅಸ್ತರ ತಣ್ಣಗ ಹತ್ತಿತು. ಅಕಿ ದವಾಖಾನ್ಯಾಗ ಮಲಗಿದಾಗ ಅಕಿ ಬೆನ್ನು ಹಿಂಗ ತಣ್ಣಗ ಬೆವತಿರತಿತ್ತು.

ಹೊಸದು ತಗೋ ಅನ್ನಬಹುದು. ಮಗನೂ ಹಂಗ ಅಂದ. ಅಂದಾಂವ ಮುಂದಿನ ಸಲ ಬರೂವಾಗ ಪ್ಲಾಸ್ಟಿಕ್ಕಿನ ರೇನಕೋಟ್ ತಂದೂ ಕೊಟ್ಟ. ಅದನ್ನ ಹಾಕ್ಕೊಂಡು ಒಂದು ವಾರ ತಿರಗಿದ್ಲು. ಮ್ಯಾಲಿನ ಮಳಿ ಒಳಗ ಬರಲಿಲ್ಲ, ಒಳಗಿನ ಬೆವರು ಹೊರಗ ಹೋಗಲಿಲ್ಲ. ಸಂಜಿಕಿ ಬಂದು ಬಿಚ್ಚಿದ್ರ ಕುಪ್ಪಸ ಹಿಂಡಿದ್ರ ನೀರು ಬರಬೇಕು, ಹಂಗ. ಮ್ಯಾಲೆ ಸ್ಕೂಟಿ ಗಾಳಿ. ಮತ್ತ ಕೆಮ್ಮು ಸುರು ಆತು. ಎದಿಗೆ ಮಳಿ ಆದ್ರೇನು ಬೆವರು ಆದ್ರೇನು, ಹಸಿ ಅಂದ್ರ ಹಸಿನ. ಆ ರೇನಕೋಟ್ ಈಗ ನಮ್ಮ ಕಟ್ಟಿಗಿ ಮ್ಯಾಲೆ ಹೊಚ್ಚೇನಿ. ಅದಕ್ಕ ಅದು ಭಾಳ ಛಲೋ ಐತಿ.

ಹಿಂಗಾಗಿ ಜರ್ಕಿನ್‌ನ ದುರಸ್ತಿ ಮಾಡಬೇಕಿತ್ತು. ಅದನ್ನ ನಾ ಮಾಡತೀನಿ ಅಂದೆ. ಸೊಸಿ ನಕ್ಕು, ಮಾಡ್ರಿ ಅಂದ್ಲು. ನಗೂವಾಗೂ ಕೆಮ್ಮಿದ್ಲು.

ನಮ್ಮ ತವರಮನಿಯವರು ಕುರಿ ಕಾಯೂ ಮಂದಿ. ನಾ ಸಾಲಿ ಕಲಿತದ್ದು ಭಾಳ ಇಲ್ಲ, ಕಂಬಳಿ ಮಾತ್ರ ಗೊತ್ತು. ನಮ್ಮಪ್ಪ ಮಳಿಗಾಲ ಪೂರ್ತಿ ಕಂಬಳಿ ಕೊಪ್ಪಿ ಹಾಕ್ಕೊಂಡು ಅಡವ್ಯಾಗ ನಿಲ್ಲತಿದ್ದ. ಕಂಬಳಿನ್ನ ಉದ್ದಕ ಮಡಚಿ ಒಂದು ತುದಿ ತಲಿ ಮ್ಯಾಲೆ ಚೂಪಗ ಬರೂವಂಗ ಹಾಕ್ಕೊಂಡ್ರ ಅದ ಕೊಪ್ಪಿ. ಮ್ಯಾಲೆ ಮಳಿ ಹೊಡೀತಿದ್ರ ಒಳಗ ಬೀಡಿ ಹಚ್ಚತಿದ್ದ. ನೇಯ್ದ ಹೊಸ ಕಂಬಳಿಗೆ ನಮ್ಮವ್ವ ಹುಣಸಿಬೀಜದ ಗಂಜಿ ಹಚ್ಚತಿದ್ಲು. ಬೀಜ ಹುರದು, ಸಿಪ್ಪಿ ತಗದು, ನೆನಸಿ, ಅರದು, ಕುದಿಸಿದ್ರ ಅಂಟಂಗ ಆಗತೇತಿ. ಅದನ್ನ ಕುಂಚದಲೆ ತಿಕ್ಕಿ ಬಿಸಲಿಗೆ ಒಣಗಿಸಿದ್ರ ಕಂಬಳಿ ಬಿರುಸಾಗತೇತಿ, ಎಳಿ ಎಳಿ ಕೂಡಿ ನಿಲ್ಲತಾವು.

ಕಂಬಳಿಗೆ ಆದದ್ದು ಜರ್ಕಿನ್‌ಗೆ ಯಾಕ ಆಗಬಾರದು ಅಂತ ನನ್ನ ಲೆಕ್ಕ. ಖಾಸಬಾಗದ ಬಾಜಾರದಾಗ ಹುಣಸಿಬೀಜ ತಂದೆ, ಗಂಜಿ ಕಾಸಿದೆ, ಹಚ್ಚಿದೆ. ಸಿಕ್ಕ ಎರಡು ಬಿಸಲಿಗೆ ಒಣಗಿ ಜರ್ಕಿನ್ ಹಲಗಿಯಂಗ ಆತು. ಗ್ವಾಡಿಗೆ ಆನಿಸಿ ಇಟ್ರ ತಾನ ನಿಲ್ಲತಿತ್ತು. ಚರಗಿ ನೀರು ಹೊಯ್ದೆ. ಜಾರಿ ಹ್ವಾದುವು. ಅವತ್ತು ನಾ ಹೊಟ್ಟಿ ತುಂಬ ಉಂಡೆ.

ಮರುದಿನ ಸಂಜಿಕಿ ಸೊಸಿ ಬಾಗಲದಾಗ ನಿಂತಾಕಿ ಒಳಗ ಬರಲಿಲ್ಲ. ಖಾನಾಪುರದಾಗ ಮಳಿ ಹಿಡದಿತ್ತು. ಚರಗಿ ನೀರಿಗೆ ಜಾರಿದ ಗಂಜಿ ತಾಸುಗಟ್ಟಲೆ ಮಳ್ಯಾಗ ನೆನದು ಲೋಳಿ ಆಗಿ, ಸೀರಿ ನಿರಿಗಿ ಮ್ಯಾಲೆ, ಸ್ಕೂಟಿ ಸೀಟಿನ ಮ್ಯಾಲೆ, ಔಷಧದ ಪೆಟಿಗಿ ಮ್ಯಾಲೆ ಇಳದಿತ್ತು. ವಾಪಸ್ ಬರೂವಾಗ ಬಸ್ಸಿನ್ಯಾಗ ಬಾಜೂ ಕುಂತಾಕಿ ಎದ್ದು ಬ್ಯಾರೇ ಸೀಟಿಗೆ ಹ್ವಾದ್ಲಂತ. ಟೊಪಗ್ಯಾಗ ಇರಬಿ ಹೊಕ್ಕಿದ್ದುವು.

"ಅತ್ತಿ, ನಾ ಹೆರಿಗಿ ಮಾಡಸಾಕ ಹ್ವಾದಾಕಿ, ನೀವು ನನಗ ದ್ವಾಸಿ ಹಿಟ್ಟು ಹೊಯ್ದು ಕಳಿಸೀರಿ," ಅಂದ್ಲು.

ನಾ ನಗಲಿಲ್ಲ. ಅಕಿ ಜರ್ಕಿನ್ ಬಿಚ್ಚಿದ ಕೂಡಲೇ ಬೆನ್ನಿಗೆ ಕೈ ಹಚ್ಚಿ ನೋಡಿದೆ. ಹಸಿ ಇತ್ತು. ಒಣ ಟಾವೆಲ್ ತಂದು ತಿಕ್ಕಿದೆ. ಎಣ್ಣಿಗೆ ಬಳ್ಳೊಳ್ಳಿ ಹಾಕಿ ಕಾಸಿ ಎದಿಗೆ ಹಚ್ಚಿದೆ. ಅವತ್ತು ನಾ ಉಣ್ಣಲಿಲ್ಲ.

ಗಂಜಿ ತಗೀಬೇಕಲ್ಲ, ಮರುದಿನ ಜರ್ಕಿನ್‌ನ ಬಕೆಟ್ಟಿನ ಬರೇ ನೀರಾಗ ಅದ್ದಿ ಹಿಚುಕಿದೆ. ಗಂಜಿ ಹೋತು. ಮತ್ತೊಂದು ಬಕೆಟ್ ನೀರು ಹಾಕಿದೆ. ಬುರುಗು ಬಂತು. ನಾ ಸಬಕಾರ ಹಚ್ಚಿರಲಿಲ್ಲ, ಒಗಿಯೂ ಪುಡಿ ಹಾಕಿರಲಿಲ್ಲ, ಆದ್ರೂ ಬುರುಗು. ಮತ್ತ ನೀರು ಬದಲಾಯಿಸಿದೆ, ಮತ್ತ ಬುರುಗು. ಈ ಜರ್ಕಿನ್ ಎಷ್ಟು ವರ್ಷದ ಪುಡಿ ಕುಡದು ಕುಂತೈತಿ ಅಂದೆ. ಸೊಸಿ ಪ್ರತಿ ಆಯ್ತವಾರ ಅದನ್ನ ಪುಡ್ಯಾಗ ನೆನಸಿ ಒಗದು, ಕಡೀಕ ಬಟ್ಟಿ ಘಮಘಮ ಅನ್ಲಿ ಅಂತ ಬಾಟ್ಲಿಯ ಸೆಂಟಿನ ನೀರು ಹಾಕತಿದ್ಲು. ದವಾಖಾನಿ ಕೆಲಸದಾಕಿ, ಸ್ವಚ್ಛ ಇರಬೇಕು ಅಂತ ಅಕಿ ಹಟ.

ಆವಾಗ ಅಪ್ಪನ ಸಿಟ್ಟು ನೆನಪಾತು. ಒಮ್ಮೆ ನಮ್ಮ ಅತ್ತಿಗಿ ಹೊಸದಾಗಿ ಲಗ್ನ ಆಗಿ ಬಂದಾಕಿ, ಕಂಬಳಿ ನಾರತೇತಿ ಅಂತ ಹಳ್ಳಕ್ಕ ಒಯ್ದು ಸಬಕಾರ ಹಚ್ಚಿ ಒಗದು ತಂದಿದ್ಲು. ಅಪ್ಪ ಕಂಬಳಿನ್ನ ಎತ್ತಿ ಮೂಲ್ಯಾಗ ಒಗದು, ಇದು ಇನ್ನ ಹಾಸಾಕ ಅಷ್ಟ ಅಂದಿದ್ದ. ಕುರಿ ಮೈಯಾಗಿನ ಜಿಡ್ಡು ಉಣ್ಣಿಗೆ ಇರಬೇಕು. ಸಬಕಾರ ತಾಕಿದ್ರ ಜಿಡ್ಡು ಹೋಗತೇತಿ, ನೀರಿಗೆ ದಾರಿ ಆಗತೇತಿ. ನಮ್ಮ ಮಂದ್ಯಾಗ ಕಂಬಳಿನ್ನ ಬಿಸಲಿಗೆ ಹಾಕತಾರ, ಝಾಡಸತಾರ, ಸಬಕಾರ ಮಾತ್ರ ತಾಕಸೂದಿಲ್ಲ. ನಾ ಕಂಬಳಿಯಿಂದ ಗಂಜಿ ಕಲಿತಿದ್ದೆ. ಕಲೀಬೇಕಾದದ್ದು ಸಬಕಾರದ ಮಾತು ಇತ್ತು.

ಬುರುಗು ಬರೂದು ನಿಲ್ಲೂ ತನಕ ನೀರು ಬದಲಾಯಿಸಿದೆ. ಅವತ್ತು ನಳ ಬರೂ ಪಾಳಿ ಇತ್ತು, ಅದಕ್ಕ ಆತು. ಸಂಜಿಕಿ ಸೊಸಿ ಫೋನಿನ್ಯಾಗ ಹುಡಕಿ, ಇಂಥ ಬಟ್ಟಿಗೆ ಸಣ್ಣ ಕಾವು ಕೊಟ್ರ ಅದರ ಮ್ಯಾಲಿನ ಹಳೇ ಲೇಪ ಮತ್ತ ಜೀವ ಹಿಡೀತೇತಿ ಅಂತ ಬರದಾರ ಅಂದ್ಲು. ಒಣಗಿದ ಮ್ಯಾಲೆ ಜರ್ಕಿನ್ ಮ್ಯಾಲೆ ಹಳೇ ಧೋತರ ಹಾಸಿ, ಇಸ್ತ್ರಿ ಭಾಳ ಕಾಯದಂಗ ನೋಡಿಕೋತ ಅಕಿನ ಎಳದ್ಲು. ನಾ ಚರಗಿ ಹಿಡಕೊಂಡು ನಿಂತೆ. ತೋಳಿನ ಮ್ಯಾಲೆ ನೀರು ಹನಿ ಹನಿ ಆಗಿ ನಿಂತುವು. ಬೆನ್ನಿನ ಮ್ಯಾಲೂ ನಿಂತುವು. ಹೆಗಲ ಹೊಲಿಗ್ಯಾಗ ಮಾತ್ರ ಇಳದುವು. ತಿರುವಿ ನೋಡಿದ್ರ ಹೊಲಿಗಿ ಮ್ಯಾಲೆ ಒಳಗಿಂದ ಅಂಟಿಸಿದ್ದ ಪಟ್ಟಿ ಸುಲದು ಜೋತಾಡತಿತ್ತು. ಸೂಜಿ ತೂತು ಒಂದೊಂದೂ ಕಾಣತಿದ್ದುವು.

ಅದಕ್ಕ ಮೇಣ ಬೇಕು ಅಂದೆ. ಹಲಸಿ ಬಾಜೂ ಒಂದು ಮನ್ಯಾಗ ಅಡವಿ ಜೇನು ಇಳಸತಾರಂತ. ಸೊಸಿ ಅಲ್ಲಿಂದ ಮುಟಗಿಯಷ್ಟು ಜೇನುಮೇಣ ತಂದ್ಲು. ಕಂದು ಬಣ್ಣ, ಹೊಗಿ ವಾಸನಿ, ಜೇನಿನ ವಾಸನಿ, ನಡುವ ಸತ್ತ ಹುಳದ ರೆಕ್ಕಿ. ಹೊಲಿಗಿ ಮ್ಯಾಲೆ ಒತ್ತಿ ಒತ್ತಿ ತಿಕ್ಕಿದೆ. ಮ್ಯಾಲೆ ಕಾಗದ ಇಟ್ಟು ಇಸ್ತ್ರಿ ಆಡಿಸಿದ್ರ ಮೇಣ ಕರಗಿ ತೂತಿನ್ಯಾಗ ಇಳೀತು. ಹೆಗಲು, ಟೊಪಗಿ, ಬೆನ್ನಿನ ನಡುವಿನ ಹೊಲಿಗಿ, ಇಷ್ಟಕ್ಕ ಮೇಣ ಸಾಲಿತು. ಮುಂದ ಚೈನಿನ ಎರಡೂ ಕಡೆ ಉಳೀತು. ಮತ್ತ ತರತೀನಿ ಅಂದ್ಲು.

ಹಾಕ್ಕೊಂಡು ಹೋಗಿ ಮಳ್ಯಾಗ ಬಂದ್ಲು. ಬೆನ್ನಿಗೆ ಕೈ ಹಚ್ಚಿದೆ. ಒಣಗಿತ್ತು. ಮುಂದೂ ಏನೂ ಇಳದಿರಲಿಲ್ಲ. ಇಷ್ಟ ಆಗಿದ್ರ ಹೇಳೂ ಕೆಲಸ ಇರಲಿಲ್ಲ.

ಆದ್ರ ವಾಸನಿ ಇತ್ತು. ಮೇಣ, ಹೊಗಿ, ಅದರ ಜೋಡಿ ಮಳಿ ಬಿದ್ದ ಬಟ್ಟಿದು. ಸೊಸಿ ಮುಖ ಸಣ್ಣ ಮಾಡಿದ್ಲು. ಬಾಣಂತ್ಯಾರ ಮನಿಗೆ ಹೊಕ್ಕರ ಕೂಸು ಸೀನತೇತಿ, ಮಂದಿ ಏನಂದಾರು ಅಂದ್ಲು. ಬಾಣಂತಿ ಕ್ವಾಣ್ಯಾಗ ಓಂಕಾಳಿನ ಹೊಗಿ ಹಾಕಿರತಾರ, ನಿನ್ನ ಜರ್ಕಿನ್ ವಾಸನಿ ಅಲ್ಲಿ ಯಾರಿಗೆ ಹತ್ತತೇತಿ ಅಂತ ಕೇಳಿದೆ. ಒಮ್ಮೆ ಒಗೀತೀನಿ, ತುಸು ಪುಡಿ ಹಾಕಿ, ಅಂದ್ಲು.

"ಅದಕ್ಕ ಸಬಕಾರ ತಾಕಿಸಿದಿ ಅಂದ್ರ ನಾ ನಿನ್ನ ದವಾಖಾನಿಗೆ ಬುತ್ತಿ ತರಾಕ ಬರೂದಿಲ್ಲ ನೋಡು," ಅಂದೆ.

ಅಕಿ ಜರ್ಕಿನ್ ಗೂಟಕ್ಕ ಹಾಕಿ ಒಳಗ ಹ್ವಾದ್ಲು. ಅಕಿ ಸುಮ್ಮನಾದ್ರ ಒಪ್ಪಿದ್ಲು ಅಂತ ಅಲ್ಲ. ಅದು ನನಗ ಗೊತ್ತಿರಬೇಕಿತ್ತು.

ಆಯ್ತವಾರ ನಾ ಹಿಂದವಾಡ್ಯಾಗ ನಮ್ಮ ಕಕ್ಕನ ಮಗಳ ಮನಿಗೆ ಹೋಗಿದ್ದೆ, ಅಲ್ಲೇ ವಸ್ತಿ ಮಾಡಿದೆ. ಸೋಮವಾರ ಮುಂಜಾನೆ ಬರೂದರಾಗ ಸೊಸಿ ಹೊಂಟು ಹೋಗಿದ್ಲು. ಜರ್ಕಿನ್ ಗೂಟದಾಗ ಇರಲಿಲ್ಲ. ಹೊರಗ ಮೋಡ ಕಪ್ಪಗ ಕೂಡಿದ್ದುವು. ನಾ ಸ್ನಾನ ಮಾಡಿ ಹಸಿ ಸೀರಿ ಹಾಕಾಕ ಒಳಗಿನ ಕ್ವಾಣಿ ಹಗ್ಗದ ಹಂತೇಕ ಹೋದೆ. ಕ್ವಾಣಿ ತುಂಬ ಹೂವಿನ ಅಂಗಡಿ ವಾಸನಿ. ಹಗ್ಗದ ಕೆಳಗ ನೆಲದ ಮ್ಯಾಲೆ ನೀರು ಒಣಗಿದ ಬಿಳಿ ಕಲಿ. ಫ್ಯಾನು ಇನ್ನೂ ತಿರಗತಿತ್ತು.

ಒಗದಾಳ. ಪುಡಿನೂ ಹಾಕ್ಯಾಳ, ಸೆಂಟೂ ಹಾಕ್ಯಾಳ.

ಫೋನ್ ಹಚ್ಚಿದೆ. ಹತ್ತಲಿಲ್ಲ. ಮತ್ತ ಹಚ್ಚಿದೆ. ಹಳ್ಳಿಗೆ ಹ್ವಾದ್ಲಂದ್ರ ಅಕಿ ಫೋನ್ ಹತ್ತೂದಿಲ್ಲ, ಅದೂ ನನಗ ಗೊತ್ತು, ಆದ್ರೂ ಹಚ್ಚಿಕೋತ ಕುಂತೆ. ಅಷ್ಟರಾಗ ನಮ್ಮ ತಗಡಿನ ಪತ್ರಾಸಿನ ಮ್ಯಾಲೆ ಮಳಿ ಬಿತ್ತು. ಇಲ್ಲಿ ಇಷ್ಟು ಅಂದ್ರ ಅಲ್ಲಿ ಎಷ್ಟು? ಮಗಗ ಹಚ್ಚಿದೆ. ಅಂವ ಘಾಟಿನ್ಯಾಗ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ, ಅಲ್ಲಿನೂ ಮಳಿ. ಯವ್ವ, ನೀ ಮನ್ಯಾಗ ಸುಮ್ಮನ ಕುಂದರು ಅಂದ. ಕುಂದರಾಕ ನೋಡಿದೆ. ಒಲಿ ಹಚ್ಚಿ ಆರಿಸಿದೆ. ಸಜ್ಜಕದ ರವಾ ಹುರಿಯಾಕ ಹೋಗಿ ಹೊತ್ತಿಸಿದೆ. ಡಾಕ್ಟರ ಮಾತು ಕಿವ್ಯಾಗ ಅದ ಅದ ಬರಾಕ ಹತ್ತಿತು.

ಅಕಿ ಒಣ ಸೀರಿ, ಕುಪ್ಪಸ, ನಮ್ಮಪ್ಪನ ಕಾಲದ ಕಂಬಳಿ ಒಂದು ಚೀಲದಾಗ ತುಂಬಿಕೊಂಡು ಖಾನಾಪುರ ಬಸ್ ಹತ್ತಿದೆ. ಕಂಡಕ್ಟರ್ ಇಂಥ ಮಳ್ಯಾಗ ಎಲ್ಲಿಗೆ ಆಯಿ ಅಂತ ಕೇಳಿದ. ಸೊಸಿನ್ನ ಒರಸಾಕ ಅಂದೆ. ಕಿಡಕಿ ಗಾಜಿನ ಮ್ಯಾಲೆ ನೀರು ಒಂದ ಸವನ ಹರೀತಿತ್ತು, ರಸ್ತೆ ಕಾಣತಿರಲಿಲ್ಲ. ಖಾನಾಪುರ ಹಂತೇಕ ಮಲಪ್ರಭಾ ಕೆಂಪಗ ಆಗಿ ಎರಡೂ ದಂಡಿ ತುಂಬಿ ಹೊಂಟಿತ್ತು.

ಸ್ಕೂಟಿ ಇಡೂ ಮನಿಯಾಕಿ ಮರಾಠಿ ಮಾತಾಡೂ ಹೆಣಮಗಳು, ನನ್ನ ವಾರಿಗಿಯಾಕಿ. ಪಡಸಾಲ್ಯಾಗ ಕುಂದ್ರಿಸಿ ಚಾ ಕೊಟ್ಲು. ಮಧ್ಯಾನದಿಂದ ಕರೆಂಟ್ ಇಲ್ಲ, ನಂದಗಡ ಕಡೆ ಗಿಡ ಬಿದ್ದೈತಂತ, ಗಾಡಿ ಸುತ್ತು ಹಾಕಿ ಬರಾಕ ಹತ್ಯಾವು ಅಂತ ಹೇಳಿದ್ಲು. ಅಕಿ ಸಮಾಧಾನಕ್ಕ ಹೇಳಿದ್ಲು. ನನಗ ಅಷ್ಟೂ ಹೊತ್ತು ಮಳ್ಯಾಗ ಇರತಾಳಲ್ಲ ಅಂತ ಒಂದ ತಿಳೀತು. ಹೊರಗ ಯಾವ ಗಾಡಿ ಸಪ್ಪಳಾದ್ರೂ ಎದ್ದು ಬಾಗಲಿಗೆ ಹೋಗತಿದ್ದೆ. ಚಾ ಆರಿ ಕೆನಿ ಕಟ್ಟಿತು.

ಹೊತ್ತು ಮುಳಗೂ ಮುಂಚೆ ಅಂಗಳಕ್ಕ ಒಂದು ಸ್ಕೂಟಿ ಬಂತು. ಮ್ಯಾಲೆ ಕುಂತದ್ದು ನನ್ನ ಸೊಸಿ ಅನ್ನಿಸಲಿಲ್ಲ. ತಲಿ ಮ್ಯಾಲೆ ಚೂಪಗ, ಬೆನ್ನ ಮ್ಯಾಲೆ ಇಳಿಬಿದ್ದ ಬಿಳಿ ಗೊಬ್ಬರ ಚೀಲ. ಚೀಲದ ಒಂದು ಮೂಲಿ ಒಳಗ ಮಡಚಿ ಕೊಪ್ಪಿ ಮಾಡಿದ್ರು. ನಮ್ಮಪ್ಪ ಅಡವ್ಯಾಗಿಂದ ಹಿಂಗ ಬರತಿದ್ದ.

ಚೀಲ ತಗದೆ. ಕೆಳಗ ಜರ್ಕಿನ್ ಕಪ್ಪಗ ನೆನದಿತ್ತು. ತೋಳು ಹಿಂಡಿದ್ರ ನೀರು ಸುರೀತು, ನೀರಿನ ಜೋಡಿ ಸಣ್ಣ ಬುರುಗು.

"ಒಗದಿ?"

"ಒಗದೆ."

"ಸಬಕಾರ ಹಚ್ಚಿ?"

"ಹಚ್ಚಿದೆ ಅತ್ತಿ, ಸೆಂಟೂ ಹಾಕಿದೆ. ಬೈಯೂದು ಒಳಗ ಹೋಗಿ ಬೈರಿ, ಥಂಡಿ ಹತ್ತೇತಿ."

ಒಳಗ ಒಯ್ದು ಬಾಗಲಾ ಹಾಕಿ ಬಿಚ್ಚಿಸಿದೆ. ಮೊಣಕೈ ತನಕ ತೋಳು ಹಸಿ. ಚೈನಿನ ಗುಂಟ ಎದಿ ಮ್ಯಾಲೆ ಬೊಗಸಿ ಅಗಲ ಹಸಿ. ಹೆಗಲು ಒಣಗಿತ್ತು, ಬೆನ್ನು ಒಣಗಿತ್ತು. ಬಟ್ಟಿ ನೀರು ಕುಡದಿತ್ತು, ಮೇಣ ಹಚ್ಚಿದ ಹೊಲಿಗಿ ಮಾತ್ರ ಬಿಟ್ಟಿರಲಿಲ್ಲ. ಉಳಿದದ್ದನ್ನ ಆ ಚೀಲ ತಡದಿತ್ತು. ನಾ ಎದಿ ಒರಸೂವಾಗ ಅಕಿ ಹಲ್ಲು ಕಡಕೋತ ಹೇಳಿದ್ಲು. ಬಾಣಂತಿ ಮನ್ಯಾಗಿನ ಮುದುಕಿ ಇಕಿ ತೋಳು ಮುಟ್ಟಿ ನೋಡಿ, ಇದೇನು ಅಂಗಿನೋ ನೆಲಾ ಒರಸೂ ಚಿಂದಿನೋ ಅಂತ ಮರಾಠ್ಯಾಗ ಬೈದು, ಗೊಬ್ಬರ ಚೀಲ ತಂದು ತಲಿ ಮ್ಯಾಲೆ ಏರಿಸಿ ಕಳಿಸ್ಯಾಳ. ಕೂಸು ಸೀನಿತೇನು ಅಂತ ಕೇಳಿದೆ. ಮುದುಕಿ ಸೀನಿದ್ಲು, ನನ್ನ ಸೆಂಟಿಗೆ ಅಂದ್ಲು.

ಕಂಬಳಿ ಸುತ್ತಿ ಕರಕೊಂಡು ಬಂದೆ. ಬಸ್ಸಿನ್ಯಾಗ ಬೈಲಿಲ್ಲ. ಬೈಯಾಕ ದಮ್ಮು ಇರಲಿಲ್ಲ.

ಆಮ್ಯಾಲಿನ ದಿನಗಳು ಛಲೋ ಇರಲಿಲ್ಲ. ಅಕಿ ಕೆಮ್ಮಿದಾಗೊಮ್ಮೆ ನಾ ಕೈಯಾಗಿನ ಕೆಲಸ ನಿಲ್ಲಸತಿದ್ದೆ. ಕೆಮ್ಮು ಒಣದೋ ಹಸಿದೋ ಅಂತ ಕೇಳತಿದ್ದೆ. ಚಾ ಕೊಡೂ ನೆವದಲೆ ಕೈ ಮುಟ್ಟತಿದ್ದೆ, ಹೆಳಲು ಹಾಕೂ ನೆವದಲೆ ಹಣಿ ಮುಟ್ಟತಿದ್ದೆ. ಅಕಿ ನರ್ಸ್, ನನ್ನ ನೆವ ಅಕಿಗೆ ತಿಳೀಲಾರದ್ದೇನಲ್ಲ. ಥರ್ಮಾಮೀಟರ್ ಐತಿ ಅತ್ತಿ, ಕೈ ಯಾಕ ನೋಯಿಸಿಕೋತೀರಿ ಅಂದ್ಲು. ವಾರದ ನಡುವ ಒಂದು ಸಂಜಿಕಿ ಮೈ ಬೆಚ್ಚಗಾತು. ಅಕಿ ಏನಿಲ್ಲ ಅಂದ್ಲು. ಅದ ಸೀರಿ ಮ್ಯಾಲೆ ಎಬ್ಬಿಸಿಕೊಂಡು ಡಾಕ್ಟರ ಹಂತೇಕ ಒಯ್ದೆ. ಅವರು ಬೆನ್ನ ಮ್ಯಾಲೆ ನಳಿಗಿ ಇಟ್ಟು ಭಾಳ ಹೊತ್ತು ಕೇಳಿದ್ರು. ನಾ ಅವರ ಮುಖಾ ನೋಡಿಕೋತ ನಿಂತೆ. ಎದಿ ಸ್ವಚ್ಛ ಐತಿ, ಗಂಟಲ ಅಷ್ಟ ಕೆಟ್ಟೈತಿ, ಮತ್ತ ನೆನಿಸಬ್ಯಾಡ್ರಿ ಅಂದ್ರು. ಹೊರಗ ಬಂದು ಕಟ್ಟಿ ಮ್ಯಾಲೆ ಕುಂತೆ.

ಮುಂದಿನ ಆಯ್ತವಾರ ಬಚ್ಚಲದಾಗ ನೀರು ಬೀಳೂ ಸಪ್ಪಳ ಕೇಳಿ ಹೋಗಿ ನೋಡಿದೆ. ಸೊಸಿ ಕುಕ್ಕರಗಾಲಿಲೆ ಕುಂತು ಜರ್ಕಿನ್ ಹಿಚಕತಿದ್ಲು. ಪುಡಿ ಡಬ್ಬಿ ಹಂತೇಕ ಇರಲಿಲ್ಲ. ನೀರು ಚೆಲ್ಲೂದು, ಹೊಸ ನೀರು ಹಾಕೂದು, ಹಿಚುಕೂದು, ಬುರುಗು ನೋಡೂದು. ನಾ ಕೊಡ ತುಂಬಿ ತುಂಬಿ ತಂದು ಇಟ್ಟೆ. ಒಣಗಿದ ಮ್ಯಾಲೆ ಅಕಿ ಇಸ್ತ್ರಿ ಆಡಿಸಿದ್ಲು. ಅಕಿ ತಂದ ಹೊಸ ಮೇಣ ನಾ ಚೈನಿನ ಎರಡೂ ಬಾಜೂ ತಿಕ್ಕಿದೆ. ವಾಸನಿ ಮೊದಲಿನಂಗ ಬಂತು. ಅಕಿ ಮೂಗು ಮುಚ್ಚಿಕೊಂಡ್ಲು, ಆದ್ರ ಹಾಕ್ಕೊಂಡ್ಲು. ಬಾಣಂತಿ ಮನ್ಯಾಗ ಈಗ ಹೊರಗಿನ ಗೂಟಕ್ಕ ತೂಗು ಹಾಕಿ ಒಳಗ ಹೋಗತಾಳಂತ. ಇದು ಮೊದಲ ಹೊಳೀಲಿಲ್ಲ ಇಬ್ಬರಿಗೂ.

ಗೊಬ್ಬರ ಚೀಲ ಸ್ಕೂಟಿ ಡಿಕ್ಕ್ಯಾಗ ಐತಿ. ನಾನ ಮಡಚಿ ಇಟ್ಟು ಬಂದೇನಿ. ಮೇಣದ ಮ್ಯಾಲೆ ನನಗ ಪೂರ್ತಿ ನಂಬಿಕಿ ಇಲ್ಲ.

ಮಳಿಗಾಲ ಇನ್ನೂ ಅರ್ಧ ಉಳದೈತಿ. ಸಂಜಿಕಿ ಅಕಿ ಬರೂ ಹೊತ್ತಿಗೆ ನಾ ಬಾಗಲದಾಗ ಇರತೀನಿ. ಮೊದಮೊದಲ ಅಕಿ ಸಿಡುಕತಿದ್ಲು, ಓಣಿ ಮಂದಿ ನೋಡತಾರ ಅಂತಿದ್ಲು. ಈಗ ಹೊಸ್ತಿಲ ದಾಟೂ ಮುಂಚೆ ಚಪ್ಪಲಿ ಬಿಟ್ಟು, ಚೈನು ತುಸು ಇಳಿಸಿ, ತಾನ ನನ್ನ ಕಡೆ ತಿರುಗಿ ನಿಲ್ಲತಾಳ. ನಾ ಕುತ್ತಿಗಿ ಹಂತೇಕ ಕೈ ಹಾಕಿ ಎದಿ ನೋಡತೀನಿ, ಬೆನ್ನು ನೋಡತೀನಿ. ಒಣಗಿದ್ರ ಒಳಗ ಬಾ ಅಂತೀನಿ. ಇಲ್ಲೀ ತನಕ ಒಣಗೇ ಐತಿ. ನಾಳಿಂದು ನಾಳಿ ನೋಡಬೇಕು.